‘ವಲ್ನರಬಿಲಿಟಿ’ಗೆ ಕನ್ನಡದಲ್ಲಿ ಏನನ್ನೋಣ? ‘ದುರ್ಬಲತೆ’ ಎಲ್ಲಿ ಸರಿ, ಎಲ್ಲಿ ತಪ್ಪು

ಕರಡುತಿದ್ದು:
ಈ ಐದು ವಾಕ್ಯ ನೋಡಿ. ಎಲ್ಲವೂ ಇಂಗ್ಲಿಷಿನ ‘ವಲ್ನರಬಲ್’, ‘ವಲ್ನರಬಿಲಿಟಿ’ಗಳಿಂದ ಕನ್ನಡಕ್ಕೆ ಬಂದ ಬಗೆಯವು.

“ಈ ತಂತ್ರಾಂಶದಲ್ಲಿ ಮೂರು ದುರ್ಬಲತೆಗಳು ಪತ್ತೆಯಾಗಿವೆ.”
“ಹೊಳೆ ದಂಡೆಯ ಹಳ್ಳಿಗಳು ನೆರೆಗೆ ದುರ್ಬಲವಾಗಿವೆ.”
“ವಯಸ್ಸಾದವರು ಈ ಸೋಂಕಿಗೆ ಹೆಚ್ಚು ದುರ್ಬಲರು.”
“ಕಾಟಿ ದುರ್ಬಲ ಪ್ರಾಣಿಗಳ ಪಟ್ಟಿಯಲ್ಲಿದೆ.”
“ಸ್ನೇಹ ಗಟ್ಟಿಯಾಗಬೇಕಾದರೆ ನಿಮ್ಮ ದುರ್ಬಲತೆಯನ್ನು ಹಂಚಿಕೊಳ್ಳಿ.”

ವ್ಯಾಕರಣದಲ್ಲಿ ತಪ್ಪು ಹಿಡಿಯುವಂತಿಲ್ಲ, ಆದರೂ ಐದೂ ಕಡೆ ಓದು ತೊಡರುತ್ತದೆ. ಎಲ್ಲಕ್ಕೂ ಹೊಂದುವ ಒಂದು ಪದ ಇದೆಯೇ? ಇಲ್ಲದಿದ್ದರೆ ಎಲ್ಲಿ ಯಾವುದನ್ನು ಬಳಸಬೇಕು?

ಪದಮೂಲ:
ತೊಡರುವುದಕ್ಕೆ ಕಾರಣ ಮೂಲದಲ್ಲೇ ಇದೆ. ಇಂಗ್ಲಿಷಿನ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ವುಲ್ನುಸ್’ನಿಂದ. ಅದರ ಅರ್ಥ ಗಾಯ. ಹಾಗಾಗಿ ‘ವಲ್ನರಬಲ್’ ಎಂದರೆ ಗಾಯ ಮಾಡಲು ಆಗುವಂಥದ್ದು, ಏಟು ಒಳಗಿಳಿಯುವಂಥದ್ದು. ಬಲ ಎಷ್ಟಿದೆ ಎಂಬ ಪ್ರಶ್ನೆ ಆ ಪದದೊಳಗೆ ಇಲ್ಲವೇ ಇಲ್ಲ. ನಮ್ಮ ‘ದುರ್ಬಲ’ ಹೇಳುವುದು ಬಲದ ವಿಚಾರವನ್ನು ಮಾತ್ರ.

ಎರಡೂ ಬೇರೆ ಎನ್ನುವುದಕ್ಕೆ ದುರ್ಯೋಧನನೇ ಸಾಕು. ಜನಪ್ರಿಯ ಕಥೆಯಲ್ಲಿ ಗಾಂಧಾರಿಯ ನೋಟ ಬಿದ್ದ ಮೈಯೆಲ್ಲ ವಜ್ರವಾಗುತ್ತದೆ, ಬಟ್ಟೆ ಮುಚ್ಚಿದ್ದ ತೊಡೆಯೊಂದು ಉಳಿಯುತ್ತದೆ. ಅವನನ್ನು ದುರ್ಬಲ ಎನ್ನಲು ಯಾರಿಗೂ ಬಾಯಿ ಬಾರದು. ತೊಡೆಯಲ್ಲೂ ಬಲಕ್ಕೆ ಕೊರತೆಯಿರಲಿಲ್ಲ. ಏಟು ಇಳಿಯುವ ಜಾಗ ಅದು, ಅಷ್ಟೇ.

ಈ ಅರ್ಥಕ್ಕೆ ಸಂಸ್ಕೃತದಿಂದ ಬಂದ ನೇರವಾದ ಪದ ‘ಭೇದ್ಯ’. ‘ಭಿದ್’ ಧಾತುವಿಗೆ ಒಡೆ, ಸೀಳು ಎಂಬ ಅರ್ಥ. ಭೇದ್ಯ ಎಂದರೆ ಒಡೆಯಲು ಆಗುವಂಥದ್ದು. ‘ಅಭೇದ್ಯ ಕೋಟೆ’, ‘ದುರ್ಭೇದ್ಯ’ ಎರಡೂ ನಮ್ಮ ಓದುಗರಿಗೆ ಚೆನ್ನಾಗಿ ಗೊತ್ತು, ‘ಭೇದ್ಯ’ ಮಾತ್ರ ಒಂಟಿಯಾಗಿ ಬಂದರೆ ಅಪರಿಚಿತ. ಹಿಂದಿಯವರು ‘ಸುಭೇದ್ಯತಾ’ ಎಂದು ಬರೆಯುತ್ತಾರೆ. ಸುಗಮ–ದುರ್ಗಮ ಇದ್ದಂತೆ ಸುಭೇದ್ಯ–ದುರ್ಭೇದ್ಯ. ಕಟ್ಟೋಣ ಸರಿಯಾಗಿದೆ.

ಕನ್ನಡದಲ್ಲಿ ಇದಕ್ಕೆ ಎರಡು ತೊಂದರೆ. ‘ಭೇದ’ ಎಂದರೆ ನಮಗೆ ಮೊದಲು ಹೊಳೆಯುವುದು ವ್ಯತ್ಯಾಸ, ತಾರತಮ್ಯ. ‘ಭೇದಿ’ ಎಂದರೆ ಹೊಟ್ಟೆ ಕೆಟ್ಟದ್ದು. ಇವೆರಡರ ನಡುವೆ ಸಿಕ್ಕಿಕೊಂಡ ‘ಭೇದ್ಯತೆ’ಯನ್ನು ಓದುಗ ಎರಡು ಸಲ ಓದಬೇಕಾಗುತ್ತದೆ. ಜೊತೆಗೆ ‘ಬೇಧ್ಯ’ ಎಂಬ ತಪ್ಪು ಕಾಗುಣಿತ ತುಂಬ ಹರಡಿದೆ. ಮಹಾಪ್ರಾಣ ಇರುವುದು ಮೊದಲ ಅಕ್ಷರದಲ್ಲಿ: ಭೇ.

ನುಡಿಕಟ್ಟು:
‘ಪದಮೂಲ’ ಹೇಳಿದ್ದು ಸರಿ, ಆದರೆ ನಾವು ಹುಡುಕುತ್ತಿರುವ ಜಾಗವೇ ತಪ್ಪು ಎನಿಸುತ್ತದೆ. ಇಂಗ್ಲಿಷ್ ಈ ಅರ್ಥವನ್ನು ಗುಣವಾಚಕದಲ್ಲಿ, ನಾಮಪದದಲ್ಲಿ ಇಟ್ಟುಕೊಂಡಿದೆ. ಕನ್ನಡ ಇಟ್ಟುಕೊಂಡಿರುವುದು ಕ್ರಿಯಾಪದದಲ್ಲಿ, ಅದೂ ಚತುರ್ಥಿ ವಿಭಕ್ತಿಯ ಜೊತೆ. ‘ಯಾವುದಕ್ಕೆ?’ ಎಂದು ಕೇಳದೆ ಈ ಅರ್ಥವನ್ನು ಕನ್ನಡದಲ್ಲಿ ಪೂರ್ತಿ ಹೇಳಲು ಬರುವುದಿಲ್ಲ. ಹಾಗಾಗಿ ಅನುವಾದದ ಮೊದಲ ಹೆಜ್ಜೆ, ಮೂಲ ವಾಕ್ಯದಲ್ಲಿ ‘ಯಾವುದಕ್ಕೆ’ ಎಂಬುದನ್ನು ಹುಡುಕುವುದು. ಅಲ್ಲಿ ಅದು ಬಾಯಿಬಿಟ್ಟು ಹೇಳಿರದಿದ್ದರೆ ಹಿಂದುಮುಂದಿನ ಸಾಲು ಓದಿ ನಾವೇ ತುಂಬಬೇಕು.

ಆಮೇಲೆ ಕ್ರಿಯಾಪದ. ಇವು ಒಂದೇ ಥರ ಕಂಡರೂ ತೂಕ ಬೇರೆ ಬೇರೆ.

‘ಒಳಗಾಗು’ ತಟಸ್ಥ. ಚಿಕಿತ್ಸೆಗೆ ಒಳಗಾಗುತ್ತೇವೆ, ತನಿಖೆಗೆ ಒಳಗಾಗುತ್ತೇವೆ, ಒತ್ತಡಕ್ಕೂ ಒಳಗಾಗುತ್ತೇವೆ. ಹಾನಿಯ ಛಾಯೆ ಪದದಲ್ಲಿಲ್ಲ, ಪಕ್ಕದ ಪದದಿಂದ ಬರಬೇಕು.

‘ಗುರಿಯಾಗು’ ಎಂದಾಗ ಆಚೆ ಬದಿಯಲ್ಲಿ ಯಾರೋ ಗುರಿ ಹಿಡಿದಿದ್ದಾರೆ. ಟೀಕೆಗೆ ಗುರಿ, ದಾಳಿಗೆ ಗುರಿ. ಮಳೆಗೆ, ಬರಕ್ಕೆ ಇದನ್ನು ಬಳಸಿದರೆ ಸ್ವಲ್ಪ ಸಡಿಲ.

‘ಈಡಾಗು’ ಅವಮಾನ, ನಿರಾಸೆ, ಗೊಂದಲ, ನಷ್ಟ ಇಂಥವುಗಳ ಜೊತೆ ಚೆನ್ನಾಗಿ ನಿಲ್ಲುತ್ತದೆ. ‘ಈಡು’ ಎಂದರೆ ಅಡವೂ ಹೌದು, ಕೋವಿಯ ಏಟೂ ಹೌದು. ಎರಡರಲ್ಲೂ ಇನ್ನೊಂದರ ಕೈಗೆ ಸಿಕ್ಕಿಕೊಂಡ ಛಾಯೆಯಿದೆ. ಇಷ್ಟು ಪದಗಳಲ್ಲಿ ನನ್ನ ಮೊದಲ ಆಯ್ಕೆ ಇದು.

‘ತುತ್ತಾಗು’ ಎಂಬಲ್ಲಿ ತುತ್ತು ಬಾಯಿಗೆ ಹೋಗಿಯೇ ಬಿಟ್ಟಿದೆ. ರೋಗಕ್ಕೆ, ಬೆಂಕಿಗೆ, ಕಡಲ್ಕೊರೆತಕ್ಕೆ ತುತ್ತು. ನುಂಗುವ ಶಕ್ತಿ ದೊಡ್ಡದಿರಬೇಕು.

‘ಬಲಿಯಾಗು’ ಸಾವಿಗೋ ಸರ್ವನಾಶಕ್ಕೋ ಮೀಸಲಿಟ್ಟರೆ ಒಳ್ಳೆಯದು. ನೆಗಡಿಗೆ ಬಲಿಯಾದರು ಎಂದು ಬರೆಯಬಾರದು.

ಇಲ್ಲೊಂದು ಎಚ್ಚರ ಬೇಕು. ಇವೆಲ್ಲ ಘಟನೆ ನಡೆದುಹೋದದ್ದನ್ನು ಹೇಳುವ ಕ್ರಿಯೆಗಳು. ‘ವಲ್ನರಬಲ್’ ಹೇಳುವುದು ಇನ್ನೂ ನಡೆಯದ್ದನ್ನು. ‘ಸೋಂಕಿಗೆ ತುತ್ತಾದ ವೃದ್ಧರು’ ಎಂದರೆ ಸೋಂಕು ತಗುಲಿಯಾಗಿದೆ. ‘ಸೋಂಕಿಗೆ ಬೇಗ ತುತ್ತಾಗುವ ವೃದ್ಧರು’ ಎಂದರೆ ಮಾತ್ರ ಅರ್ಥ ಸರಿಹೋಗುತ್ತದೆ. ಭೂತ ಕೃದಂತ ಬಿಟ್ಟು ಭವಿಷ್ಯದ ‘-ಉವ’ ಅಥವಾ ‘-ಬಹುದಾದ’ ಹಚ್ಚಿ. ‘-ಬಲ್ಲ’ ಹಚ್ಚಬೇಡಿ. ‘ಬಲ್ಲ’ ಸಾಮರ್ಥ್ಯ ಹೇಳುವ ಪದ: ಈಜಬಲ್ಲ, ಹಾಡಬಲ್ಲ. ‘ಸೋಂಕಿಗೆ ತುತ್ತಾಗಬಲ್ಲ ಮಕ್ಕಳು’ ಎಂದರೆ ತುತ್ತಾಗುವುದು ಅವರ ಕಸುಬುಗಾರಿಕೆ ಎಂಬಂತೆ ಕೇಳುತ್ತದೆ.

ಗೋಡೆಕಾವಲು:
ತಂತ್ರಾಂಶದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಕ್ರಿಯಾಪದ ಮಾತ್ರ ಇದ್ದರೆ ಸಾಲದು. ಈ ಕ್ಷೇತ್ರದಲ್ಲಿ ವಲ್ನರಬಿಲಿಟಿ ಎಣಿಸುವ ವಸ್ತು. ಬಹಿರಂಗವಾದವಕ್ಕೆ 1999ರಿಂದ ಸಿವಿಇ ಎಂಬ ಗುರುತಿನ ಸಂಖ್ಯೆ ಕೊಡುವ ಪದ್ಧತಿಯಿದೆ. 0ಯಿಂದ 10ರವರೆಗೆ ತೀವ್ರತೆಯ ಅಂಕವೂ ಇದೆ: 4.0ರಿಂದ ಮಧ್ಯಮ, 7.0ರಿಂದ ಹೆಚ್ಚು, 9.0ರಿಂದ ಅತಿ ಗಂಭೀರ. ‘-ತೆ’ ಹಚ್ಚಿದ ಭಾವನಾಮಕ್ಕೆ ‘ಗಳು’ ಸೇರಿಸಿ ಎಣಿಸುವುದು ಕನ್ನಡಕ್ಕೆ ಒಗ್ಗುವುದಿಲ್ಲ. ‘ಮೂರು ದುರ್ಬಲತೆಗಳು’ ಎಂಬುದು ‘ಮೂರು ಬಡತನಗಳು’ ಎಂದಷ್ಟೇ ಸಹಜ.

ಅರ್ಥದಲ್ಲೂ ಅದು ತಪ್ಪು. 2021ರ ಡಿಸೆಂಬರಿನಲ್ಲಿ ಹೊರಬಂದ ಲಾಗ್4ಶೆಲ್ ನೋಡಿ, ಸಿವಿಇ-2021-44228, ಅಂಕ ಪೂರ್ತಿ 10. ಲಾಗ್4ಜೆ ಎಂಬುದು ಪ್ರೋಗ್ರಾಮಿನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಕೋಡ್. ಬರೆದಿಡಬೇಕಾದ ಸಾಲಿನೊಳಗೆ ಒಂದು ಬಗೆಯ ಸೂಚನೆ ಸಿಕ್ಕಿದರೆ ಅದನ್ನು ಬರೀ ಬರೆದಿಡದೆ ಪಾಲಿಸಲು ಹೊರಡುತ್ತಿತ್ತು. ಹೊರಗಿನ ಸರ್ವರ್‌ಗೆ ಹೋಗಿ ಅಲ್ಲಿಂದ ತಂದ ಕೋಡನ್ನು ಓಡಿಸಿಬಿಡುತ್ತಿತ್ತು. ಲಾಗಿನ್ ಪುಟದ ಹೆಸರಿನ ಜಾಗದಲ್ಲಿ ಆ ಸೂಚನೆ ತುಂಬಿದರೂ ಸಾಕಾಗುವಂಥ ಸ್ಥಿತಿ. ಬಲ ಕಡಿಮೆಯಾಗಿ ಆದದ್ದಲ್ಲ ಇದು, ಬೇಡದ ಬಲ ಕೊಟ್ಟದ್ದರಿಂದ ಆದದ್ದು. ಅದನ್ನು ದುರ್ಬಲತೆ ಎಂದರೆ ಓದುಗನಿಗೆ ಕಾರಣವೇ ತಿರುಗುಮುರುಗಾಗಿ ತಲುಪುತ್ತದೆ.

ನಾನು ಸೂಚಿಸುವುದು ‘ಕಂಡಿ’. ಗೋಡೆಯಲ್ಲಿ, ಬೇಲಿಯಲ್ಲಿ ನುಸುಳಲು ಆಗುವಂಥ ತೆರಪು. ಎಣಿಸಬಹುದು, ಮುಚ್ಚಬಹುದು, ಯಾರೂ ನುಗ್ಗದಿದ್ದರೂ ಕಂಡಿ ಕಂಡಿಯೇ. ನುಗ್ಗುವ ಕೆಲಸಕ್ಕೆ ಪತ್ರಿಕೆಗಳು ಆಗಲೇ ಒಳ್ಳೆಯ ಪದ ಬಳಸುತ್ತಿವೆ: ‘ಬ್ಯಾಂಕ್ ಖಾತೆಗೆ ಕನ್ನ’. ಇಂಗ್ಲಿಷಿನವರು ಎಕ್ಸ್‌ಪ್ಲಾಯ್ಟ್ ಎನ್ನುವುದೇ ಕನ್ನ. ಹೀಗೆ ಸಾಲಾಗಿ ಇಟ್ಟುಕೊಳ್ಳಬಹುದು: ಕೋಡಿನಲ್ಲಿರುವ ಯಾವುದೇ ತಪ್ಪು ದೋಷ, ಆ ದೋಷದಿಂದ ಹೊರಗಿನವನಿಗೆ ದಾರಿಯಾದರೆ ಭದ್ರತಾ ಕಂಡಿ, ಆ ದಾರಿ ಬಳಸುವ ತಂತ್ರ ಕನ್ನ, ಮುಚ್ಚುವುದು ಪ್ಯಾಚ್. ಎಲ್ಲ ದೋಷವೂ ಕಂಡಿಯಲ್ಲ ಎಂಬುದು ಮುಖ್ಯ. ಗುಂಡಿಯ ಬಣ್ಣ ತಪ್ಪಿದ್ದರೆ ಅದು ದೋಷ ಮಾತ್ರ.

‘ಪ್ಯಾಚ್’ಗೆ ‘ತೇಪೆ’ ಅನ್ನಬಹುದಿತ್ತು. ಆದರೆ ‘ತೇಪೆ ಹಚ್ಚುವ ಕೆಲಸ’ ಎಂದರೆ ಕನ್ನಡದಲ್ಲಿ ಕಣ್ಣೊರೆಸುವ ಕೆಲಸ ಎಂದಾಗುತ್ತದೆ, ಹಾಗಾಗಿ ಬಿಟ್ಟೆ.

ಸುದ್ದಿಪುಟ:
‘ಭದ್ರತಾ ಲೋಪ’ ಎಂದು ಬರೆಯುತ್ತಾರಲ್ಲ, ಅದು ಸಾಲದೇ?

ಗೋಡೆಕಾವಲು:
@ಸುದ್ದಿಪುಟ ಆ ಪದಕ್ಕೆ ಈಗಾಗಲೇ ಬೇರೆ ಕೆಲಸವಿದೆ. ಗಣ್ಯರ ಸಭೆಗೆ ಯಾರೋ ಬೇಲಿ ಹಾರಿ ಬಂದರೆ ‘ಭದ್ರತಾ ಲೋಪ’ ಎನ್ನುತ್ತೇವೆ. ಅಲ್ಲಿ ಕಾವಲಿನವರು ತಪ್ಪಿದ್ದಾರೆ, ಘಟನೆಯೂ ನಡೆದಿದೆ. ತಂತ್ರಾಂಶದ ಕಂಡಿ ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇರಬಹುದು. ‘ಬ್ಯಾಂಕಿನ ಆ್ಯಪ್‌ನಲ್ಲಿ ಭದ್ರತಾ ಲೋಪ’ ಎಂಬ ತಲೆಬರಹ ಓದಿದವನು ಹಣ ಹೋಯಿತೆಂದೇ ತಿಳಿಯುತ್ತಾನೆ.

ಮಳೆಮಾಪನ:
ನೆರೆ, ಬರ, ಹವಾಮಾನದ ವರದಿಗಳಲ್ಲಿ ಈ ಪದಕ್ಕೆ ಕಟ್ಟುನಿಟ್ಟಾದ ಅರ್ಥವಿದೆ. ಅಲ್ಲಿ ಒಂದು ಪದ ಜಾರಿದರೂ ಲೆಕ್ಕವೇ ತಪ್ಪುತ್ತದೆ.

ಹಾನಿಯ ಸಂಭವವನ್ನು ಮೂರು ಭಾಗ ಮಾಡುತ್ತಾರೆ. ಒಂದು, ಬರುವ ಆಪತ್ತು: ನೆರೆ, ಚಂಡಮಾರುತ, ಬಿಸಿಗಾಳಿ. ಎರಡು, ಅದರ ದಾರಿಯಲ್ಲಿ ಯಾರು, ಏನು ಇದೆ ಎಂಬುದು. ಇದಕ್ಕೆ ‘ಒಡ್ಡಿಕೆ’ ಚೆನ್ನಾಗಿ ಹೊಂದುತ್ತದೆ, ಮೈಯೊಡ್ಡು ಎನ್ನುವಂತೆ. ಮೂರನೆಯದು ವಲ್ನರಬಿಲಿಟಿ: ಹಾಗೆ ಒಡ್ಡಿಕೊಂಡವರಲ್ಲಿ ಯಾರಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದು. ಒಂದೇ ದಂಡೆಯಲ್ಲಿ ಅಕ್ಕಪಕ್ಕ ಎರಡು ಮನೆ. ಒಂದು ಕಲ್ಲಿನ ತಳಪಾಯ, ಮೇಲೊಂದು ಮಹಡಿ. ಇನ್ನೊಂದು ಮಣ್ಣಿನ ಗೋಡೆ, ಒಂದೇ ಕೋಣೆ, ಕಾಳಿನ ಚೀಲ ನೆಲದ ಮೇಲೆ. ನೀರು ಎರಡಕ್ಕೂ ಒಂದೇ ಎತ್ತರಕ್ಕೆ ಬರುತ್ತದೆ. ಒಡ್ಡಿಕೆ ಸಮ, ಪೆಟ್ಟು ಸಮವಲ್ಲ.

ಅನುವಾದಕರು ಎಡವುವುದು ವರದಿಯ ವರ್ಷದಲ್ಲಿ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2007ರ ನಾಲ್ಕನೇ ವರದಿಯಲ್ಲಿ ಒಡ್ಡಿಕೆ ವಲ್ನರಬಿಲಿಟಿಯ ಒಳಗೇ ಒಂದು ಭಾಗವಾಗಿತ್ತು, ಸಂವೇದನೆ ಮತ್ತು ಹೊಂದಿಕೊಳ್ಳುವ ಶಕ್ತಿಯ ಜೊತೆ. 2014ರಲ್ಲಿ ಮುಗಿದ ಐದನೇ ವರದಿಯಲ್ಲಿ ಒಡ್ಡಿಕೆಯನ್ನು ಹೊರಗೆ ತೆಗೆದು ಬೇರೆಯಾಗಿಯೇ ಇಟ್ಟರು. ಹಾನಿಯ ಕಡೆಗೆ ಇರುವ ಒಲವು ಮಾತ್ರ ವಲ್ನರಬಿಲಿಟಿಯಾಗಿ ಉಳಿಯಿತು. ಅಂದರೆ 2007ರ ಪಠ್ಯಕ್ಕೂ 2014ರ ನಂತರದ್ದಕ್ಕೂ ಒಂದೇ ವಿವರಣೆ ಅಂಟಿಸುವಂತಿಲ್ಲ.

ಈ ‘ಒಲವು’ ಎಂಬ ಅರ್ಥಕ್ಕೆ ‘ಪ್ರವಣತೆ’ ಅಚ್ಚುಕಟ್ಟಾಗಿ ಕೂರುತ್ತದೆ. ಪ್ರವಣ ಎಂದರೆ ಇಳಿಜಾರು, ಒಂದು ಕಡೆಗೆ ವಾಲಿರುವುದು. ವರದಿಯಲ್ಲಿ ‘ಹಾನಿಪ್ರವಣತೆ’ ಎಂದಿಡಿ. ಊರಿನವರಿಗೆ ಹಂಚುವ ಕರಪತ್ರದಲ್ಲಿ ಅದೇ ಮಾತನ್ನು ‘ಬೇಗ ಪೆಟ್ಟು ತಿನ್ನುವ ಮನೆಗಳು’ ಎಂದು ಬಿಡಿಸಿ.

ಇನ್ನೊಂದು ಮಾತು. ‘ನೆರೆಪೀಡಿತ’ ಎಂದರೆ ನೆರೆ ಬಂದು ಹೋಗಿದೆ. ಬರಬಹುದಾದ ಜಾಗಕ್ಕೆ ಅದನ್ನು ಬಳಸಬಾರದು.

ಕರಡುತಿದ್ದು:
ಕಾಟಿಯ ವಾಕ್ಯ ಯಾರೂ ಮುಟ್ಟಿಲ್ಲ.

ಮಳೆಮಾಪನ:
@ಕರಡುತಿದ್ದು ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯ ವರ್ಗ. ಸಾವಿರ ಕಿಲೊ ತೂಗಬಲ್ಲ ಕಾಟಿಯನ್ನು ದುರ್ಬಲ ಪ್ರಾಣಿ ಎಂದರೆ ಹೇಗೆ? ಅಲ್ಲಿ ಎಣಿಕೆಯಾಗುವುದು ಒಂಟಿ ಪ್ರಾಣಿಯ ಬಲವಲ್ಲ, ಸಂತತಿಯ ಸ್ಥಿತಿ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಅಷ್ಟು ಅವಧಿಯಲ್ಲಿ ಸಂಖ್ಯೆ ಶೇ 30 ಅಥವಾ ಅದಕ್ಕಿಂತ ಹೆಚ್ಚು ಕುಸಿದಿದ್ದರೆ, ಕುಸಿತದ ಕಾರಣ ಇನ್ನೂ ನಿಂತಿರದಿದ್ದರೆ ಈ ವರ್ಗಕ್ಕೆ ಸೇರಿಸಬಹುದು. ಇದೊಂದೇ ಮಾನದಂಡವಲ್ಲ, ವಾಸದ ಹರವು, ಬೆಳೆದ ಪ್ರಾಣಿಗಳ ಸಂಖ್ಯೆ ಮುಂತಾದವೂ ಇವೆ.

‘ಅಳಿವಿನಂಚಿನ’ ಎಂಬುದನ್ನು ಇಲ್ಲಿ ಹಾಕಬೇಡಿ, ಅದು ಮುಂದಿನ ಮೆಟ್ಟಿಲಾದ ಎಂಡೇಂಜರ್ಡ್ ವರ್ಗಕ್ಕೆ ರೂಢಿಯಾಗಿದೆ. ‘ಅಳಿವಿಗೆ ಈಡಾಗಬಹುದಾದ’ ಎಂದರೆ ಮೆಟ್ಟಿಲು ತಪ್ಪುವುದಿಲ್ಲ.

ಕಟಕಟೆ:
ಕಾನೂನು ಮತ್ತು ಸರ್ಕಾರಿ ಬರಹದಲ್ಲಿ ‘ದುರ್ಬಲ’ ಮಾಡುವ ಹಾನಿ ಇನ್ನೂ ಹೆಚ್ಚು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಸಂವಿಧಾನದ 46ನೇ ಅನುಚ್ಛೇದದ ‘ವೀಕರ್ ಸೆಕ್ಷನ್ಸ್’ಗೆ ಕನ್ನಡದಲ್ಲಿ ‘ದುರ್ಬಲ ವರ್ಗಗಳು’ ಎಂಬುದು ನೆಲೆನಿಂತ ಪದ. ‘ವಲ್ನರಬಲ್ ಗ್ರೂಪ್ಸ್’ಗೂ ಅದನ್ನೇ ಬರೆದರೆ ಎರಡು ಬೇರೆ ಪಟ್ಟಿಗಳು ಒಂದಾಗಿ ಕಾಣುತ್ತವೆ.

ನ್ಯಾಯಾಲಯದ ‘ವಲ್ನರಬಲ್ ವಿಟ್ನೆಸ್’ ಇನ್ನೂ ಕಷ್ಟ. ಕನ್ನಡದಲ್ಲಿ ‘ಸಾಕ್ಷಿ’ ಎಂದರೆ ಸಾಕ್ಷಿ ಹೇಳುವ ವ್ಯಕ್ತಿಯೂ ಹೌದು, ಪುರಾವೆಯೂ ಹೌದು. ‘ದುರ್ಬಲ ಸಾಕ್ಷಿ’ ಎಂದು ಬರೆದರೆ ಓದುವವರೆಲ್ಲ ‘ನಿಲ್ಲದ ಪುರಾವೆ’ ಎಂದೇ ತಿಳಿಯುತ್ತಾರೆ. ಲೈಂಗಿಕ ದೌರ್ಜನ್ಯದ ಸಂತ್ರಸ್ತೆಯ ಹೇಳಿಕೆಯ ಬಗ್ಗೆ ಇಂಥ ತಪ್ಪು ಅರ್ಥ ಹೋದರೆ ಅದು ಅವಳಿಗೆ ಮಾಡುವ ಅನ್ಯಾಯ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಗುಂಪನ್ನು 18 ವರ್ಷದೊಳಗಿನ ಮಕ್ಕಳಾಚೆಗೂ ವಿಸ್ತರಿಸಿತು: ಯಾವುದೇ ವಯಸ್ಸಿನ, ಯಾವುದೇ ಲಿಂಗದ ಲೈಂಗಿಕ ದೌರ್ಜನ್ಯ ಸಂತ್ರಸ್ತರು, ಮಾನಸಿಕ ಕಾಯಿಲೆ ಇರುವವರು, ಮಾತು ಅಥವಾ ಶ್ರವಣದ ತೊಂದರೆ ಇರುವವರು ಸೇರಿದರು. ಇವರಿಗೆ ‘ವಿಶೇಷ ರಕ್ಷಣೆ ಬೇಕಾದ ಸಾಕ್ಷಿದಾರರು’ ಎನ್ನಿ. ಉದ್ದವಾಯಿತು ಎನ್ನಬಹುದು, ಆದರೆ ಅದನ್ನು ಓದಿದವನಿಗೆ ನ್ಯಾಯಾಲಯ ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ.

ಮೂರನೆಯದು ಬುಡಕಟ್ಟುಗಳ ಪಟ್ಟಿ. 1975ರಲ್ಲಿ 52 ಸಮುದಾಯಗಳು, 1993ರಲ್ಲಿ ಇನ್ನೂ 23, ಒಟ್ಟು 75. ಮೊದಲು ‘ಪ್ರಿಮಿಟಿವ್’ ಎಂಬ ಹೆಸರಿತ್ತು, 2006ರಲ್ಲಿ ಅದನ್ನು ಕಿತ್ತು ‘ಪರ್ಟಿಕ್ಯುಲರ್ಲಿ ವಲ್ನರಬಲ್’ ಮಾಡಿದರು. ಕರ್ನಾಟಕದಿಂದ ಜೇನುಕುರುಬರು ಮತ್ತು ಕೊರಗರು ಇದರಲ್ಲಿದ್ದಾರೆ. ಕನ್ನಡದಲ್ಲಿ ‘ವಿಶೇಷ ದುರ್ಬಲ ಬುಡಕಟ್ಟು’ ಎಂದು ಬರೆಯುವುದುಂಟು. ಹೆಮ್ಮರದ ತುದಿಗೆ ಹತ್ತಿ ಹೆಜ್ಜೇನು ಇಳಿಸುವ ಜನರನ್ನು ದುರ್ಬಲರು ಎನ್ನುವ ಈ ಪದ ನನಗೆ ಒಪ್ಪಿಗೆಯಿಲ್ಲ. ಪಟ್ಟಿಯ ಮಾನದಂಡಗಳು ಕುಸಿಯುತ್ತಿರುವ ಅಥವಾ ನಿಂತುಹೋದ ಜನಸಂಖ್ಯೆ, ಅತಿ ಕಡಿಮೆ ಸಾಕ್ಷರತೆ, ಹೊಟ್ಟೆಪಾಡಿಗಷ್ಟೇ ಸಾಲುವ ಆದಾಯ ಇಂಥವು. ಎಲ್ಲವೂ ಸ್ಥಿತಿಗಳು. ಒಂದನ್ನೂ ಆ ಜನರ ಗುಣ ಎನ್ನುವಂತಿಲ್ಲ. ‘ಸಂಕಷ್ಟಕ್ಕೆ ಸುಲಭವಾಗಿ ಈಡಾಗುವ’ ಎಂದರೆ ಹೊರೆ ಸ್ಥಿತಿಯ ಮೇಲೆ ಬೀಳುತ್ತದೆ, ಜನರ ಮೇಲಲ್ಲ.

ಸುದ್ದಿಪುಟ:
ಚುನಾವಣೆಯಲ್ಲೂ ಇದೇ ಗೊಂದಲ. ಪತ್ರಿಕೆಗಳು ‘ಸೂಕ್ಷ್ಮ’, ‘ಅತಿಸೂಕ್ಷ್ಮ’ ಮತಗಟ್ಟೆ ಎನ್ನುತ್ತವೆ. ಆದರೆ ಆಯೋಗದ ವಲ್ನರಬಿಲಿಟಿ ಮ್ಯಾಪಿಂಗ್ ನೋಡುವುದು ಮತದಾರರನ್ನು: ಯಾವ ಕೇರಿಯವರನ್ನು ಬೆದರಿಸಿ ಮತಗಟ್ಟೆಗೆ ಬರದಂತೆ ತಡೆಯುವ ಸಂಭವವಿದೆ ಎಂದು. ‘ಬೆದರಿಕೆಗೆ ಗುರಿಯಾಗಬಹುದಾದ ಮತದಾರರು’ ಎಂದರೆ ಸರಿ. ‘ನುಡಿಕಟ್ಟು’ ಹೇಳಿದ ‘ಗುರಿಯಾಗು’ ಇಲ್ಲಿ ಅಳತೆ ಮಾಡಿ ಹೊಲಿದಂತಿದೆ.

ಒಳದನಿ:
ಮನಸ್ಸಿನ ವಿಷಯಕ್ಕೆ. ಆಪ್ತಸಮಾಲೋಚನೆಯ ಪುಸ್ತಕಗಳಲ್ಲಿ ಈ ಪದ ಒಳ್ಳೆಯ ಅರ್ಥದಲ್ಲಿ ಬರುತ್ತದೆ: ನೋವಾಗಬಹುದು ಎಂದು ಗೊತ್ತಿದ್ದೂ ಕಾವಲು ಇಳಿಸಿ ಇನ್ನೊಬ್ಬರ ಮುಂದೆ ನಿಲ್ಲುವುದು. ಇದಕ್ಕೆ ‘ದೌರ್ಬಲ್ಯ’ ಹಾಕಿದರೆ ತದ್ವಿರುದ್ಧ ಅರ್ಥ. ಗೀತೆಯ ಎರಡನೇ ಅಧ್ಯಾಯದ ಮೂರನೇ ಶ್ಲೋಕದಲ್ಲೇ ಕೃಷ್ಣ ‘ಕ್ಷುದ್ರಂ ಹೃದಯದೌರ್ಬಲ್ಯಂ’ ಬಿಟ್ಟು ಏಳು ಎನ್ನುತ್ತಾನೆ. ನಮ್ಮ ಕಿವಿಯಲ್ಲಿ ದೌರ್ಬಲ್ಯ ಎಂದರೆ ಬಿಡಬೇಕಾದದ್ದು. ಅಲ್ಲದೆ ‘ಸಿಹಿ ಎಂದರೆ ಅವರಿಗೆ ದೌರ್ಬಲ್ಯ’ ಎಂಬ ಬಳಕೆಯೂ ಇದೆ. ‘ನಿಮ್ಮ ದುರ್ಬಲತೆಯನ್ನು ಹಂಚಿಕೊಳ್ಳಿ’ ಎಂದರೆ ಕೆಟ್ಟ ಚಟದ ಪಟ್ಟಿ ಓದಿ ಎಂದಂತಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಹಳೆಯ, ಜೀವಂತ ಮಾತುಗಳಿವೆ: ಮನಸ್ಸು ಬಿಚ್ಚು, ಎದೆ ತೆರೆ, ಅಳಲು ತೋಡಿಕೊ. ಮೂರೂ ಒಂದೇ ಅಲ್ಲ. ‘ಮನಸ್ಸು ಬಿಚ್ಚಿ ಮಾತಾಡು’ ಎಂಬುದರಲ್ಲಿ ಮುಚ್ಚುಮರೆ ಇಲ್ಲ, ಆದರೆ ನೋವಿನ ಸುಳಿವೂ ಇಲ್ಲ. ‘ಅಳಲು ತೋಡಿಕೊ’ ಎಂಬಲ್ಲಿ ನೋವಿದೆ, ಆದರೆ ಪರಿಹಾರ ಕೇಳುವ ದನಿ ಸೇರಿಕೊಳ್ಳುತ್ತದೆ. ‘ಎದೆ ತೆರೆ’ ಎಂಬುದರಲ್ಲಿ ಮಾತ್ರ ಏಟು ಬೀಳುವ ಜಾಗವನ್ನೇ ತೆರೆದಿಟ್ಟ ಚಿತ್ರವಿದೆ. ಅದೇ ಬೇಕಾದದ್ದು.

ಪದಮೂಲ:
@ಒಳದನಿ ಇದಕ್ಕೆ ಹೊಂದುವ ಒಂದು ಹಳೆಯ ಸಾಲು. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ರಾಜನಿಗೆ ಹೇಳುವ ಮಾತು ಹೀಗಿದೆ: ಪರರ ‘ಛಿದ್ರ’ ತನಗೆ ತಿಳಿದಿರಬೇಕು, ತನ್ನಲ್ಲಿ ‘ವಿವೃತ’ವಾದದ್ದನ್ನು ಆಮೆ ಅಂಗಗಳನ್ನು ಎಳೆದುಕೊಳ್ಳುವಂತೆ ಮುಚ್ಚಿಕೊಳ್ಳಬೇಕು. ಶತ್ರುವಿನದಾದರೆ ಛಿದ್ರ, ತೂತು. ತನ್ನದಾದರೆ ವಿವೃತ, ತೆರೆದುಕೊಂಡದ್ದು. ಒಂದೇ ಶ್ಲೋಕದಲ್ಲಿ ಎರಡು ಮುಖ. ‘ಗೋಡೆಕಾವಲು’ ಅವರ ಕಂಡಿ ಮೊದಲನೆಯದು, ನಿಮ್ಮ ‘ಎದೆ ತೆರೆ’ ಎರಡನೆಯದು.

‘ಮರ್ಮ’ವನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಸುಶ್ರುತ 107 ಮರ್ಮಗಳನ್ನು ಎಣಿಸುತ್ತಾನೆ. ಅವುಗಳಲ್ಲಿ 19 ಪೆಟ್ಟು ಬಿದ್ದೊಡನೆ ಪ್ರಾಣ ಹೋಗುವಂಥವು, 44 ಅಂಗ ಊನವಾಗುವಂಥವು, 8 ನೋವು ಮಾತ್ರ ಕೊಡುವಂಥವು. ಪೆಟ್ಟು ಬೀಳುವ ಜಾಗ ಎಂಬ ಅರ್ಥಕ್ಕೆ ಅದಕ್ಕಿಂತ ಖಚಿತವಾದ ಪದವಿಲ್ಲ. ಆದರೆ ಇಂದಿನ ಕನ್ನಡದಲ್ಲಿ ‘ಇದರ ಮರ್ಮವೇನು’ ಎಂದರೆ ಗುಟ್ಟು ಎಂದರ್ಥ. ‘ಮರ್ಮಾಘಾತ’ ಎಂಬ ಸಮಾಸದಲ್ಲಷ್ಟೇ ಹಳೆಯ ಅರ್ಥ ಉಳಿದಿದೆ.

ಹೊಸಬರಹ:
ಇಷ್ಟೆಲ್ಲ ಕಷ್ಟವೇಕೆ, ‘ವಲ್ನರಬಿಲಿಟಿ’ ಎಂದೇ ಕನ್ನಡ ಲಿಪಿಯಲ್ಲಿ ಬರೆದರಾಗದೇ? ಬಸ್ಸು, ಬ್ಯಾಂಕು ಒಪ್ಪಿಕೊಂಡಿಲ್ಲವೇ?

ನುಡಿಕಟ್ಟು:
@ಹೊಸಬರಹ ಬಸ್ಸು ಬ್ಯಾಂಕು ವಸ್ತುಗಳು, ಬಾಯಿಯಿಂದ ಬಾಯಿಗೆ ಹೋಗಿ ನಮ್ಮವಾದವು. ಇದು ಇನ್ನೂ ಪುಸ್ತಕ ಬಿಟ್ಟು ಆಚೆ ಬಂದಿಲ್ಲ. ತಂತ್ರಾಂಶದ ಒಳಗಿನವರು ತಮ್ಮತಮ್ಮಲ್ಲಿ ಬಳಸಿಕೊಳ್ಳಲಿ, ತಕರಾರಿಲ್ಲ. ಸೋಂಕಿನ ಎಚ್ಚರಿಕೆ, ನೆರೆಯ ಎಚ್ಚರಿಕೆಗಳಲ್ಲಿ ಬೇಡ. ಅಲ್ಲಿ ಓದುಗನಿಗೆ ತನ್ನ ಬಗ್ಗೆಯೇ ಹೇಳುತ್ತಿದ್ದೇವೆ ಎಂಬುದು ತಿಳಿಯಲೇಬೇಕು.

ಕರಡುತಿದ್ದು:
ಎಲ್ಲರ ಮಾತು ಇಟ್ಟುಕೊಂಡು ತಿದ್ದಿದ್ದು:

“ಈ ತಂತ್ರಾಂಶದಲ್ಲಿ ಮೂರು ಭದ್ರತಾ ಕಂಡಿಗಳು ಪತ್ತೆಯಾಗಿವೆ.”
“ಹೊಳೆ ದಂಡೆಯ ಹಳ್ಳಿಗಳಿಗೆ ನೆರೆಯಿಂದ ಬೇಗ ಹಾನಿಯಾಗುತ್ತದೆ.”
“ವಯಸ್ಸಾದವರು ಈ ಸೋಂಕಿಗೆ ಬೇಗ ತುತ್ತಾಗುತ್ತಾರೆ.”
“ಕಾಟಿ ಅಳಿವಿಗೆ ಈಡಾಗಬಹುದಾದ ಪ್ರಾಣಿಗಳ ವರ್ಗದಲ್ಲಿದೆ.”
“ಸ್ನೇಹ ಗಟ್ಟಿಯಾಗಬೇಕಾದರೆ ಎದೆ ತೆರೆದು ಮಾತಾಡಿ.”

ಆರನೆಯದೊಂದು ಬಾಕಿಯಿದೆ: ‘ವಲ್ನರಬಲ್ ರೋಡ್ ಯೂಸರ್ಸ್’. ಪಾದಚಾರಿ, ಸೈಕಲ್ ಸವಾರ, ಬೈಕ್ ಸವಾರರನ್ನು ಒಟ್ಟಿಗೆ ಹೇಳುವ ಪದ. ‘ದುರ್ಬಲ ರಸ್ತೆ ಬಳಕೆದಾರರು’ ಎಂದು ಕಂಡಿದೆ. ಓದಿದರೆ ರಸ್ತೆಯೇ ದುರ್ಬಲ ಎನಿಸುತ್ತದೆ.

ನುಡಿಕಟ್ಟು:
@ಕರಡುತಿದ್ದು ಅಲ್ಲಿ ‘ಯಾವುದಕ್ಕೆ’ ಎಂದರೆ ಡಿಕ್ಕಿಗೆ. ಕಾರಿನವನಿಗೂ ಇವರಿಗೂ ಇರುವ ವ್ಯತ್ಯಾಸ ಸುತ್ತಲಿನ ಲೋಹದ ಕವಚ. ಡಿಕ್ಕಿಯ ಪೆಟ್ಟು ಇವರಿಗೆ ನೇರ ಮೈಗೇ ಬೀಳುತ್ತದೆ. ‘ರಸ್ತೆಯಲ್ಲಿ ಕವಚವಿಲ್ಲದೆ ಓಡಾಡುವವರು’ ಎಂದು ಮೊದಲ ಸಲ ಬರೆದು, ಮುಂದೆ ‘ಕವಚವಿಲ್ಲದವರು’ ಎಂದಷ್ಟೇ ಮುಂದುವರಿಸಿ. ಬೈಕ್ ಸವಾರರೂ ಸೇರಿದ್ದಾರೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ, ಇಲ್ಲದಿದ್ದರೆ ಹೆಲ್ಮೆಟ್ ಕವಚವಲ್ಲವೇ ಎಂಬ ಪ್ರಶ್ನೆ ಬರುತ್ತದೆ.